ಗುರುವಾರದ ಸೂಪನ್ನು ಮಂಗಳವಾರಕ್ಕೆ ಎತ್ತಿಹಾಕಿದ ಯಂತ್ರದವರಿಗೆ

ಸ್ವೀಡನ್ನಿನ ಊಮಿಯೊ ಊರಿನ ನಮ್ಮ ವಿದ್ಯಾರ್ಥಿ ಭೋಜನಶಾಲೆಯಲ್ಲಿ ಯಾವ ದಿನ ಏನು ಬೇಯಬೇಕೆಂಬುದನ್ನು ಈ ಚಳಿಗಾಲದಿಂದ ಒಬ್ಬರೇ ತೀರ್ಮಾನಿಸುತ್ತಿರುವ ಗಣಕಯಂತ್ರದವರಾದ ಮಾನ್ಯರೇ,

ಬಾಯಿ, ನಾಲಿಗೆ, ಹೊಟ್ಟೆ ಯಾವುದರ ಹಂಗೂ ಇಲ್ಲದೆ ಇಷ್ಟು ಜನರ ಊಟವನ್ನು ನಿರ್ಧರಿಸುತ್ತಿರುವ ತಮ್ಮ ನಿರ್ಲಿಪ್ತತೆಗೆ ಮೊದಲು ನನ್ನ ತಲೆಬಾಗಿದ ನಮಸ್ಕಾರಗಳು. ತಮ್ಮ ತಂತಿಗಳು ಬೆಚ್ಚಗಿವೆಯೆಂದೂ, ತಮ್ಮ ಮೇಲೆ ಯಾರೂ ಕಾಫಿ ಚೆಲ್ಲಿಲ್ಲವೆಂದೂ ನಂಬಿದ್ದೇನೆ. ನಾನು ಗ್ರೀಸಿನ ವೋಲೊಸ್ ಊರಿನಿಂದ ಅರಣ್ಯಶಾಸ್ತ್ರ ಓದಲು ಇಲ್ಲಿಗೆ ಬಂದ ಅರ್ಗೀರೋ. ತಮಗೆ ನನ್ನ ಪರಿಚಯವಿರುವುದು ತಟ್ಟೆ ವಾಪಸು ಇಡುವ ಹಲಗೆಯ ಮೇಲಿನ ಕ್ಯಾಮೆರಾದ ಮೂಲಕ ಮಾತ್ರ ಇರಬಹುದು.

ಈ ದೇಶದಲ್ಲಿ ವಾರವನ್ನು ಗುರುತಿಸುವುದು ಹೊಟ್ಟೆಯಿಂದ ಎಂಬುದನ್ನು ತಮಗೆ ಯಾರೂ ಹೇಳದೆ ಇದ್ದರೆ ಅದು ನಮ್ಮ ತಪ್ಪು. ಶುಕ್ರವಾರ ಸಂಜೆ ಇಡೀ ಸ್ವೀಡನ್ ಟಾಕೊ ರೊಟ್ಟಿ ಮಡಚುತ್ತದೆ, ಶನಿವಾರ ದೊಡ್ಡವರೂ ಮಕ್ಕಳ ಹಾಗೆ ಪೊಟ್ಟಣದಲ್ಲಿ ಮಿಠಾಯಿ ತೂಗಿಸಿಕೊಳ್ಳುತ್ತಾರೆ, ಬುಧವಾರ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನನ್ನ ಸರದಿ, ಮತ್ತು ಗುರುವಾರ, ಯಾರ ಅಜ್ಜನಿಗೂ ಯಾಕೆಂದು ಸರಿಯಾಗಿ ತಿಳಿಯದಷ್ಟು ಹಿಂದಿನಿಂದ, ಹಳದಿ ಬಟಾಣಿಯ ಸೂಪು ಮತ್ತು ಪ್ಯಾನ್‌ಕೇಕು. ಬಂದ ಹೊಸತರಲ್ಲಿ ಆ ಸೂಪನ್ನು ನೋಡಿ ಅಮ್ಮನಿಗೆ ಫೋನು ಮಾಡಿ ಅತ್ತಿದ್ದೆ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಅಯ್ಯೋ ಮಗಳೇ, ಅದು ನಮ್ಮ ಬಟಾಣಿಬೇಳೆ ಫಾವಾನೇ ಕಣೇ, ನೀರು ಜಾಸ್ತಿ ಸುರಿದು ಕೆಡಿಸಿದ್ದಾರೆ ಅಷ್ಟೆ. ಕಣ್ಮುಚ್ಕೊಂಡು ತಿನ್ನು" ಎಂದಿದ್ದಳು. ಕಣ್ಣು ಮುಚ್ಚಿಕೊಂಡೇ ತಿಂದೆ. ಕಣ್ಣು ಬಿಟ್ಟಾಗ ಎದುರಿಗೆ ಟೋರ್ಗ್ನಿ ಕೂತಿದ್ದ.

ಟೋರ್ಗ್ನಿ ಮಣ್ಣಿನ ವಿಭಾಗದ ಸಂಶೋಧಕ, ಇನ್ನೂ ಉತ್ತರದ ಕಡೆಯವನು. ಉಳಿದ ದಿನಗಳಲ್ಲಿ ತನ್ನ ವಿಭಾಗದಲ್ಲೇ ಬುತ್ತಿ ಬಿಚ್ಚುವ ಈತ ಸೂಪಿಗಾಗಿ ಮಾತ್ರ ಭೋಜನಶಾಲೆಗೆ ಬರುತ್ತಿದ್ದ. ಮೊದಲ ಕೆಲವು ಗುರುವಾರ ನಾವು ಮಾತಾಡಲಿಲ್ಲ. ಆಮೇಲೊಂದು ಗುರುವಾರ ಆತ ಕೇಳದೆಯೇ ಸಾಸಿವೆಯ ಬಾಟಲನ್ನು ನನ್ನ ಕಡೆ ತಳ್ಳಿ, "ಬಟ್ಟಲಿನ ಅಂಚಿಗೆ ಹಾಕ್ಕೊಳ್ಳಿ, ನಡುವೆ ಬೇಡ" ಎಂದ. ಸೂಪು ಚೆನ್ನಾಗಿದೆಯಾ ಎಂದು ನಾನು ಕೇಳಿದಾಗ ಆತ ಹಠಾತ್ತನೆ ಸುಯ್ ಎಂದು ಉಸಿರನ್ನು ಒಳಗೆಳೆದುಕೊಂಡ. ಬಾಯಿ ಸುಟ್ಟಿತೆಂದು ಗಾಬರಿಯಾಗಿ ನೀರು ತಂದುಕೊಟ್ಟೆ. ಹೌದು ಎನ್ನುವುದನ್ನು ಈ ಕಡೆಯವರು ಉಸಿರೆಳೆದು ಹೇಳುತ್ತಾರೆಂದು ತಿಳಿಯುವವರೆಗೆ ಪಾಪ ಆತ ಎಷ್ಟೋ ಗುರುವಾರ ನಾನು ಕೊಟ್ಟ ನೀರನ್ನೆಲ್ಲ ಸೌಜನ್ಯದಿಂದ ಕುಡಿದ.

ಹೀಗೆ ವಾರಕ್ಕೊಂದು ಮಾತಿನ ಲೆಕ್ಕದಲ್ಲಿ ನಾವು ಹತ್ತಿರವಾದೆವು ಮಾನ್ಯರೇ. ನಮ್ಮ ವೋಲೊಸ್‌ನಲ್ಲಿ ಬಸ್ಸಿಗೆ ಕಾಯುವಷ್ಟರಲ್ಲಿ ಇದಕ್ಕಿಂತ ಹೆಚ್ಚು ಮಾತಾಡಿ, ಜಗಳವಾಡಿ, ಮದುವೆಗೂ ಕರೆದಿರುತ್ತಾರೆ. ಆದರೂ ಹೇಳುತ್ತೇನೆ, ನನಗೆ ಆ ಗುರುವಾರಗಳಷ್ಟು ಇಷ್ಟವಾದದ್ದು ಈ ಊರಿನಲ್ಲಿ ಬೇರೇನೂ ಇಲ್ಲ. ಫೋನ್ ನಂಬರು ಯಾಕೆ ತೆಗೆದುಕೊಳ್ಳಲಿಲ್ಲ ಎಂದು ತಾವು ಕೇಳಬಹುದು. ಪರಿಚಯವಾಗಿ ಬರೀ ಒಂದು ವರ್ಷಕ್ಕೆ ನಂಬರು ಕೇಳಿದರೆ ಇಲ್ಲಿ ಮೈಮೇಲೆ ಬಿದ್ದ ಹಾಗೆ. ವಿಭಾಗಕ್ಕೇ ಹೋಗಬಹುದಿತ್ತಲ್ಲ ಎಂದರೆ, ಕರೆಯದೆ ಬಾಗಿಲು ತಟ್ಟುವುದು ಕಟ್ಟಡಕ್ಕೆ ಬೆಂಕಿ ಬಿದ್ದಾಗ ಮಾತ್ರ, ಆಗಲೂ ಕ್ಷಮೆ ಕೇಳಿಕೊಂಡು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಓದು ಮುಗಿಯುತ್ತ ಬಂದಿದೆ. ಇಲ್ಲೇ ಉಳಿದು ಸಂಶೋಧನೆ ಮಾಡುವುದಾದರೆ ಈ ತಿಂಗಳೊಳಗೆ ಒಪ್ಪಿಗೆ ತಿಳಿಸಬೇಕು, ಇಲ್ಲವಾದರೆ ಊರಿಗೆ ಹೊರಡಬೇಕು. ಹಾಗಾಗಿ ಒಂದು ಗುರುವಾರ, ಪ್ಯಾನ್‌ಕೇಕಿಗೆ ಜಾಮು ಸವರುತ್ತಾ, ಜೀವಮಾನದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಟೋರ್ಗ್ನಿಯನ್ನು ಕೇಳಿಬಿಟ್ಟೆ: "ನಾನು ಇಲ್ಲೇ ಉಳ್ಕೊಂಡ್ರೆ ನಿಮಗೆ ಏನನ್ಸುತ್ತೆ?" ಆತ ಚಮಚ ಕೆಳಗಿಟ್ಟ. ಕಿವಿಯವರೆಗೆ ಕೆಂಪಾದ. ಕೊನೆಗೆ, "ಅವಸರದಲ್ಲಿ ಹೇಳೋ ಮಾತಲ್ಲ ಇದು. ಮುಂದಿನ ಸೂಪಿನ ದಿನ ಹೇಳ್ತೀನಿ" ಎಂದು ಎದ್ದುಹೋದ.

ಸರಿಯಾಗಿ ಅದರ ಮರುವಾರವೇ ತಾವು ಅಧಿಕಾರ ವಹಿಸಿಕೊಂಡಿರಿ.

ಉಣ್ಣುವವರ ಆಸಕ್ತಿ ಬತ್ತದಿರಲೆಂದು ಸೂಪನ್ನು ತಾವು ಮಂಗಳವಾರಕ್ಕೆ ಕಳುಹಿಸಿದ್ದು ನನಗೆ ತಿಳಿಯದೆ ನಾನು ಎಂದಿನಂತೆ ಗುರುವಾರ ಹೋಗಿ, ಕಡಲೆಕಾಳಿನ ಸಾರಿನ ಮುಂದೆ ಮುಚ್ಚುವ ತನಕ ಕೂತಿದ್ದೆ. ಸೌಟು ಹಿಡಿಯುವ ಗುನ್ವೊರಮ್ಮ ತಟ್ಟೆ ಎತ್ತಲು ಬಂದಾಗ ಹೇಳಿದರು: "ನಿಮ್ಮವ್ನು ಮಂಗಳವಾರ ಬಂದಿದ್ನಲ್ಲಮ್ಮ. ಎರಡು ಬಟ್ಟಲು ಸೂಪು ಹಾಕಿಸ್ಕೊಂಡು ಒಂದನ್ನ ಖಾಲಿ ಕುರ್ಚಿ ಮುಂದೆ ಇಟ್ಕೊಂಡು ಕೂತಿದ್ದ. ಅದು ಹಂಗೇ ಆರಿಹೋಯ್ತು." ಮುಂದಿನ ವಾರ ನಾನು ಬುದ್ಧಿವಂತಳಾಗಿ ಪಟ್ಟಿ ನೋಡಿ, ಆ ಸಲ ತಾವು ಸೂಪನ್ನು ಸರಿಸಿದ್ದ ಸೋಮವಾರವೇ ಹೋಗಿ, ನಾನೂ ಎರಡು ಬಟ್ಟಲು ಹಾಕಿಸಿಕೊಂಡು ಕಾದೆ. ಅಷ್ಟರಲ್ಲಿ ಆತನೂ ಬುದ್ಧಿವಂತನಾಗಿದ್ದ. ಹುಡುಗಿ ಸೂಪಿನವಳಲ್ಲ, ಗುರುವಾರದವಳು ಎಂದು ತೀರ್ಮಾನಿಸಿ ಗುರುವಾರ ಬಂದು ಕಡಲೆಕಾಳು ತಿಂದು ಹೋದನಂತೆ. "ಇಬ್ರಲ್ಲಿ ಒಬ್ರಾದ್ರೂ ಸ್ವಲ್ಪ ದಡ್ಡರಾಗಿರ್ಬಾರ್ದಾ? ನಾನೇ ಕೇಳಿ ಹೇಳ್ಲಾ?" ಎಂದು ಗುನ್ವೊರಮ್ಮ ಸೌಟು ಝಾಡಿಸಿದಾಗ, ದೇವರಾಣೆ ಬೇಡವೆಂದು ಕೈಮುಗಿದೆ.

ಇಷ್ಟಾದ ಮೇಲೆ ತಮ್ಮ ಜಾಣತನ ಬೆಳಗಿದ್ದನ್ನು ಹೊಗಳದೆ ಇರಲಾರೆ. ಎರಡು ವಾರವೂ ಒಂದೊಂದು ಬಟ್ಟಲು ಮುಟ್ಟದೆಯೇ ಹಲಗೆಗೆ ವಾಪಸು ಬಂದದ್ದನ್ನು ಕ್ಯಾಮೆರಾದಿಂದ ಗಮನಿಸಿದ ತಾವು, ಬಟಾಣಿ ಸೂಪೆಂದರೆ ಜನರಿಗೆ ಅಸಹ್ಯವೆಂದು ನಿಶ್ಚಯಿಸಿ ಅದನ್ನು ಪಟ್ಟಿಯಿಂದಲೇ ಅಳಿಸಿಬಿಟ್ಟಿರಿ. ಪ್ರೀತಿಯಿಂದ ಎತ್ತಿಟ್ಟ ಊಟಕ್ಕೂ ಬೇಡವೆಂದು ಬಿಟ್ಟ ಊಟಕ್ಕೂ ವ್ಯತ್ಯಾಸ ಕಾಣದ ಇಂಥ ಸಮದೃಷ್ಟಿ ಸಂತರಿಗೂ ದುರ್ಲಭ. ಈಗ ಮುಂದಿನ ಸೂಪಿನ ದಿನ ಎಂಬುದು ಲೋಕದಲ್ಲೇ ಇಲ್ಲ. ನನಗೆ ಬರಬೇಕಾದ ಉತ್ತರ ತಮ್ಮ ಹೊಟ್ಟೆಯೊಳಗೆ, ಕ್ಷಮಿಸಿ, ತಮ್ಮ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿದೆ. ನಾನು ಇರಬೇಕೋ ಹೋಗಬೇಕೋ ತಿಳಿಯದೆ ಅರ್ಧ ಕಟ್ಟಿದ ಪೆಟ್ಟಿಗೆಯ ಮೇಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ಸವಿನಯ ಪ್ರಾರ್ಥನೆ. ಸೂಪಿಗೆ ಮತ್ತೆ ಜೀವ ಕೊಡಿ. ಅದನ್ನು ಗುರುವಾರಕ್ಕೆ ತರುವುದು ತಮ್ಮ ಘನತೆಗೆ ಕುಂದಾದರೆ, ಗುರುವಾರವನ್ನೇ ಸೂಪಿರುವಲ್ಲಿಗೆ ಸರಿಸಲು ಸರ್ಕಾರದಿಂದ ಆದೇಶ ಹೊರಡಿಸಿ; ಬುಧವಾರದ ಬಟ್ಟೆಗಳ ಗತಿಯನ್ನು ನಾನು ಹೇಗೋ ನೋಡಿಕೊಳ್ಳುತ್ತೇನೆ. ಅದೂ ಆಗದಿದ್ದರೆ ತಾವೇ ಒಮ್ಮೆ ನನ್ನ ಎದುರಿನ ಕುರ್ಚಿಯಲ್ಲಿ ಕೂತು, ಕಿವಿ ಕೆಂಪು ಮಾಡಿಕೊಂಡು, ಒಬ್ಬ ಮನುಷ್ಯ ಒಂದು ಮಾತಿಗೆ ಎಷ್ಟು ವಾರ ತೆಗೆದುಕೊಳ್ಳುತ್ತಾನೆಂದು ಅನುಭವಿಸಿ ನೋಡಬೇಕು.

ಹಸಿದಿದ್ದರೂ ತಮ್ಮ ವಿಶ್ವಾಸಿ,
ಅರ್ಗೀರೋ

ತಾ.ಕ.: ಈ ಪತ್ರವನ್ನು ಭೋಜನಶಾಲೆಯ ಬಾಗಿಲಿಗೆ ಅಂಟಿಸಲು ಇಂದು, ಗುರುವಾರ, ಹೋದಾಗ ಟೋರ್ಗ್ನಿ ಮೆಟ್ಟಿಲ ಮೇಲೆ ಹಿಮ ಗುಡಿಸಿಕೊಂಡು ಥರ್ಮಾಸಿನೊಂದಿಗೆ ಕೂತಿದ್ದ. ಯಾರೂ ಮಾಡದಿದ್ದರೆ ತಾನೇ ಮಾಡಬೇಕೆಂದು ಬೆಳಗ್ಗೆ ಎದ್ದು ಸೂಪು ಬೇಯಿಸಿದ್ದನಂತೆ. ಮುಚ್ಚಳಕ್ಕೆ ಚಮಚದಿಂದ ತೋಡಿ ಹಾಕಿ ನನ್ನ ಕೈಗಿಟ್ಟು, "ಉಳ್ಕೊಳ್ಳಿ. ನೀವು ಹೋದ್ರೆ ಊಟಕ್ಕೆ ಎಲ್ಲಿ ಕೂರೋದು ಅಂತ್ಲೇ ನಂಗೆ ಗೊತ್ತಾಗಲ್ಲ" ಎಂದ. ಒಂದೇ ದಿನಕ್ಕೆ ಅಷ್ಟೊಂದು ಮಾತು. ನಾನು ಅತ್ತುಬಿಟ್ಟೆ, ಆಮೇಲೆ ಉಳಿಯುತ್ತೇನೆಂದು ವಿಭಾಗಕ್ಕೆ ತಿಳಿಸಿಬಂದೆ. ಆದರೂ ದೂರನ್ನು ಹಿಂದಕ್ಕೆ ಪಡೆಯುತ್ತಿಲ್ಲ, ಇನ್ನೂ ಜೋರಾಗಿ ಒತ್ತಾಯಿಸುತ್ತಿದ್ದೇನೆ: ದಯಮಾಡಿ ಗುನ್ವೊರಮ್ಮನ ಸೂಪನ್ನು ಕೂಡಲೇ ವಾಪಸು ತನ್ನಿ. ಇವನು ಮಾಡಿದ್ದರಲ್ಲಿ ಚಮಚ ನೆಟ್ಟಗೆ ನಿಂತುಕೊಂಡಿತ್ತು, ಮತ್ತು ಇನ್ನುಮುಂದೆ ಪ್ರತಿ ಗುರುವಾರವೂ ತಾನೇ ಮಾಡುತ್ತೇನೆಂದು ಮಾತು ಕೊಟ್ಟಿದ್ದಾನೆ.