ನಮ್ಮ ಮಾವ ಟೋಲ್ ದಾಟುವ ಕ್ರಮ

ನಮ್ಮ ಸೋದರಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಟೋಲ್ ದಾಟಿದವರು ಇಡೀ ಕೊಪ್ಪಳ ಜಿಲ್ಲೆಯಲ್ಲಿ ಒಬ್ಬರೂ ಇರಲಿಲ್ಲ. ಕಾರು ದಾಟುತ್ತಿತ್ತು, ನಾನು ದಾಟುತ್ತಿದ್ದೆ, ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆಯೂ ದಾಟುತ್ತಿದ್ದರು. ಮಾವ ಮಾತ್ರ ಗೇಟಿಗೆ ನೂರು ಹೆಜ್ಜೆ ಮುಂಚೆಯೇ ನನಗೆ ಕಾರು ನಿಲ್ಲಿಸಲು ಹೇಳಿ ಇಳಿದು, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, ಗೇಟಿನ ಪಕ್ಕದಿಂದ ನಡೆದು ಆಚೆ ಬಂದು ಮತ್ತೆ ಹತ್ತುತ್ತಿದ್ದರು. ಟೋಲ್ ಕಾರಿಗೆ, ಒಳಗಿನ ತಲೆಗಳಿಗಲ್ಲ ಎಂದು ಎಷ್ಟು ಸಲ ಹೇಳಿದರೂ ಅಷ್ಟೇ.

“ನಿನ್ನ ರೊಕ್ಕ ಹೋಗ್ಲಿ ಅಳಿಯಾ, ಅದು ನಿನ್ನ ಹಣಿಬಾರ. ನಾನಂತೂ ಇದಕ್ಕ ಒಪ್ಪಿಗಿ ಕೊಟ್ಟಿಲ್ಲ,” ಎನ್ನುತ್ತಿದ್ದರು.

“ನಡಿಯೋ ತಮ್ಮಾ, ಇವ್ರನ್ನ ಇಲ್ಲೇ ಬಿಟ್ಟು ಹೋಗೋಣು,” ಎಂದು ಅತ್ತೆ ಒಳಗಿನಿಂದ ಗೊಣಗುತ್ತಿದ್ದರು.

ಇವರೇನು ರಸ್ತೆ ಕಾಣದವರೇ? ಸರ್ಕಾರದ ರಸ್ತೆ ಗ್ಯಾಂಗಿನಲ್ಲಿ ಮೇಸ್ತ್ರಿಯಾಗಿ ನಿವೃತ್ತರಾದವರು! ಯಲಬುರ್ಗಾ, ಕುಷ್ಟಗಿ ಕಡೆಯ ಗುಂಡಿಗಳಿಗೆ ಗರಸು ಮಣ್ಣು ತುಂಬಿಸಿ ಧಮ್ಮಸ್ಸು ಬಡಿಸುವುದರಲ್ಲೇ ಅವರ ಪ್ರಾಯ ಕಳೆಯಿತು. ಈಗಲೂ ಮದುವೆಗೆ ಹೋದರೆ ಮದುಮಕ್ಕಳ ಮುಖ ನೋಡುವ ಮೊದಲು ಮಂಟಪದ ಮುಂದಿನ ರಸ್ತೆಯನ್ನು ಹಿಮ್ಮಡಿಯಿಂದ ತುಳಿದು ನೋಡುತ್ತಾರೆ. ನನಗೆ ಹೆಣ್ಣು ನೋಡಿ ಬಂದ ದಿನ, “ಮನಿತನ ಛಲೋ ಐತಿ. ಆದ್ರ ಆ ಊರ ದಾರಿಗೆ ಖಡಿ ಕಲ್ಲು ಕಡಿಮಿ ಹಾಕ್ಯಾರ, ವಿಚಾರ ಮಾಡು,” ಎಂದಿದ್ದರು. ನಾನು ವಿಚಾರ ಮಾಡದೆ ಮದುವೆಯಾದೆ. ಇಂದಿಗೂ ಹೆಂಡತಿಯ ತವರಿಗೆ ಹೋಗಿ ಬಂದಾಗಲೆಲ್ಲ ನನಗೆ ಸೊಂಟ ನೋವು.

ವಾರಕ್ಕೆ ಎರಡು ಸಲ ನಾವು ಮೂವರೂ ಹೀಗೆ ಹೊರಡುವುದಕ್ಕೆ ಕಾರಣವಿತ್ತು. ಅತ್ತೆಯ ಎರಡೂ ಕಿಡ್ನಿ ಕೈಕೊಟ್ಟಿವೆ. ಕೊಪ್ಪಳಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡರೆ ಜೀವ, ಇಲ್ಲದಿದ್ದರೆ ಇಲ್ಲ. ಕೊಪ್ಪಳದಲ್ಲಿರುವ ನಾನೇ ಕಾರು ತಂದು ಕರೆದೊಯ್ಯುತ್ತಿದ್ದೆ. ತಳಕಲ್ ಸೀಮೆಯ ಅವರ ಹಳ್ಳಿಯಿಂದ ಹೆದ್ದಾರಿ ಸೇರಲು ಐದು ಕಿಲೋಮೀಟರ್ ಒಳದಾರಿ. ಅದರ ಡಾಂಬರು ಯಾವ ಕಾಲದಲ್ಲೋ ಎದ್ದುಹೋಗಿದೆ. ಹೋಗುವಾಗ ಪ್ರತಿ ಗುಂಡಿಗೂ ಅತ್ತೆ “ಶಿವನೇ” ಎನ್ನುತ್ತಿದ್ದರು. ಬರುವಾಗ ಅದನ್ನು ಅನ್ನುವ ತ್ರಾಣವೂ ಇರುತ್ತಿರಲಿಲ್ಲ. ಒಂದು ದಿನ ಕುಲುಕಾಟಕ್ಕೆ ಸೂಜಿ ಚುಚ್ಚಿದ ಜಾಗದಿಂದ ರಕ್ತ ಜಿನುಗಿ ಸೀರೆಯ ಸೆರಗು ತೊಯ್ದಿತು. ಅವತ್ತು ಅತ್ತೆ ಮೊದಲ ಸಲ, “ನಾ ಇನ್ನ ಬರಂಗಿಲ್ಲ. ಏನಾಗೂದು ಮನ್ಯಾಗ ಆಗ್ಲಿ,” ಎಂದರು.

ಮರುದಿನದಿಂದ ಮಾವನ ತಲೆ ಪೂರ್ತಿ ಕೆಟ್ಟಿತು ಎಂದೇ ನಾವೆಲ್ಲ ತಿಳಿದೆವು. ಮುಂದಿನ ಸಲ ಅವರು ಗೇಟಿನ ಪಕ್ಕದಿಂದ ನಡೆಯುವುದು ಬಿಟ್ಟು ಸೀದಾ ಟೋಲಿನ ಕಿಟಕಿಗೇ ಹೋಗಿ ನಿಂತರು.

“ಯವ್ವಾ, ಈ ರೊಕ್ಕ ಎಲ್ಲಿಗೆ ಹೋಗ್ತೈತಿ?”

“ಮ್ಯಾಲೆ ಹೋಗ್ತೈತ್ರಿ ಅಜ್ಜಾರ,” ಎಂದಳು ಒಳಗಿದ್ದ ಹುಡುಗಿ.

“ಮ್ಯಾಲೆ ಅಂದ್ರ ಎಲ್ಲಿಗೆ? ಬೆಂಗಳೂರಿಗೋ, ಕೈಲಾಸಕ್ಕೋ?”

“ನನ್ನ ಪಗಾರ ಎಂದ್ ಬರ್ತೈತಿ ಅನ್ನೂದ ನನಗ ಗೊತ್ತಿಲ್ರಿ. ಇದನ್ನೆಲ್ಲಿ ಹೇಳ್ಲಿ?”

ಹಿಂದೆ ಲಾರಿಗಳು ಹಾರ್ನ್ ಬಾರಿಸತೊಡಗಿದವು. ಮಾವ ಅವಳ ತಲೆ ಮೇಲೆ ಕೈಯಾಡಿಸಲು ಹೋದರು, ನಡುವೆ ಗಾಜು ಇತ್ತು. ಕಾರು ಹತ್ತಿದ ಮೇಲೆ, “ಪಾಪ, ಆ ಕೂಸಿಗೂ ಮೋಸ ಆಗೈತಿ,” ಎಂದರು.

ಆಮೇಲೆ ಒಂದು ಕಚೇರಿಯ ಅಹವಾಲು ಸಭೆ. ಎಲ್ಲರೂ ಅರ್ಜಿ ತಂದಿದ್ದರೆ ಇವರು ಟವೆಲ್ಲಿನಲ್ಲಿ ನಮ್ಮ ಒಳದಾರಿಯಿಂದ ಎದ್ದ ಡಾಂಬರಿನ ಒಂದು ಹೆಪ್ಪಳಿಕೆಯನ್ನೇ ಸುತ್ತಿಕೊಂಡು ತಂದಿದ್ದರು. ಅದನ್ನು ಸಾಹೇಬರ ಮೇಜಿನ ಮೇಲಿಟ್ಟು, “ಮುರೀರಿ,” ಎಂದರು. ಸಾಹೇಬರು ಎರಡೇ ಬೆರಳಿನಲ್ಲಿ ಹಿಡಿದರು, ಅದು ಕಟಕ ರೊಟ್ಟಿಯಂತೆ ಪಟ್ಟನೆ ಮುರಿಯಿತು. “ಹತ್ತು ಟನ್ನಿನ ಟ್ರ್ಯಾಕ್ಟರ್ ಬ್ಯಾಡ್ರಿ, ನಿಮ್ಮ ಬೆರಳಿಗೇ ತಡಿಲಿಲ್ಲ,” ಎಂದರು ಮಾವ. ಸಾಹೇಬರು ಕೈ ಒರೆಸಿಕೊಂಡು, ಅಂದಾಜು ಪತ್ರಿಕೆ ಮೇಲಕ್ಕೆ ಹೋಗಿದೆ ಎಂದರು. ಇಲ್ಲಿಯೂ ಅದೇ ಮೇಲೆ! ಮಾವನ ಅರ್ಜಿಗೆ ಬಂದ ತಕ್ಷಣದ ಕ್ರಮವೆಂದರೆ, ಮೇಜಿನ ಮೇಲಿನ ಪುಡಿಯನ್ನು ಜವಾನ ಒರೆಸಿದ್ದು.

ಕೆಲವು ತಿಂಗಳಾದ ಮೇಲೆ ಒಳದಾರಿಯ ಬಾಯಿಗೆ ದೊಡ್ಡ ಬೋರ್ಡ್ ಬಂತು. ಉದ್ದ ಐದು ಕಿಲೋಮೀಟರ್, ಕಾಮಗಾರಿ ಪೂರ್ಣಗೊಂಡಿದೆ ಎಂದು ಚೆಂದದ ಅಕ್ಷರದಲ್ಲಿ ಬರೆದಿತ್ತು. ರಸ್ತೆ ಮಾತ್ರ ಬಂದಿರಲಿಲ್ಲ. ಮಾವ ಕಾರಿನಿಂದ ಇಳಿದು ಬೋರ್ಡಿನ ಕಂಬವನ್ನು ಎರಡೂ ಕೈಯಿಂದ ಅಲ್ಲಾಡಿಸಿದರು. ಅದು ಮಿಸುಕಲಿಲ್ಲ. ಬುಡದ ಕಾಂಕ್ರೀಟನ್ನು ಹಿಮ್ಮಡಿಯಿಂದ ತುಳಿದು, “ಭಾಳ ಗಟ್ಟಿ ಕೆಲಸ ಮಾಡ್ಯಾರ,” ಎಂದರು. ನಾನು ನಕ್ಕೆ. ಅತ್ತೆ ನಗಲಿಲ್ಲ. ಆ ವಾರದ ಎರಡನೆಯ ಸರದಿಗೆ ಅವರು ಮನೆಯಿಂದ ಹೊರಡಲೇ ಇಲ್ಲ, ಕಾಲು ಬಾತುಕೊಂಡು ಮಂಚದ ಮೇಲೇ ಇದ್ದುಬಿಟ್ಟರು. ಮೂರನೆಯ ದಿನ ಉಸಿರು ಸಿಗದಂತಾದಾಗ ಎತ್ತಿಕೊಂಡೇ ಹೋದೆವು.

ಅವತ್ತು ಟೋಲಿನಲ್ಲಿ ಮಾವ ಇಳಿಯಲಿಲ್ಲ. ಅವಸರವಿತ್ತು, ಸರಿ. ಆದರೆ ಮುಂದಿನ ಸಲವೂ ಇಳಿಯಲಿಲ್ಲ, ಅದರ ಮುಂದಿನ ಸಲವೂ ಇಲ್ಲ. ಗೇಟು ಎದ್ದಿತು, ಕಾರು ದಾಟಿತು, ಅವರು ಹೊರಗೆ ನೋಡುತ್ತ ಕೂತಿದ್ದರು.

“ಯಾಕ್ರಿ ಮಾವಾ?” ಎಂದೆ.

“ಯಾರನ್ನ ಕೇಳೋದು, ಬಿಡು.”

ಇಷ್ಟು ದಿನ ಅವರ ಹುಚ್ಚಾಟಕ್ಕೆ ತಲೆ ಚಚ್ಚಿಕೊಂಡ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ನಾವೆಲ್ಲ ಎಂದೋ ಕೇಳುವುದನ್ನು ಬಿಟ್ಟವರು. ಕೇಳುತ್ತಿದ್ದವರು ಇವರೊಬ್ಬರು, ಇವರೂ ಸೋತರಲ್ಲ ಎನಿಸಿತು.

ಕಳೆದ ವಾರ ಡಯಾಲಿಸಿಸ್‌ಗೆ ಬೇಗ ಬರಲು ಹೇಳಿದ್ದರಿಂದ ಬೆಳಿಗ್ಗೆ ಆರಕ್ಕೇ ಕೊಪ್ಪಳ ಬಿಟ್ಟೆ. ಒಳದಾರಿಗೆ ಹೊರಳಿ, ಊರು ಇನ್ನೊಂದು ಕಿಲೋಮೀಟರ್ ಇದೆ ಎನ್ನುವಾಗ ದಾರಿಯಲ್ಲಿ ಯಾರೋ ಕುಕ್ಕರುಗಾಲಲ್ಲಿ ಕೂತಿದ್ದರು. ಮಾವ! ಪಕ್ಕದಲ್ಲಿ ಗರಸು ತುಂಬಿದ ಪುಟ್ಟಿ, ಸಲಿಕೆ, ನೀರಿನ ಕೊಡ. ಗುಂಡಿ ತುಂಬಿ ಮರದ ಕೊರಡಿನಿಂದ ಬಡಿಯುತ್ತಿದ್ದರು. ಹಿಂದಿನ ಸರದಿಯ ಮರುದಿನದಿಂದ, ಹೊಲಕ್ಕೆ ಹೋಗಿ ಬರುತ್ತೇನೆಂದು ಹೇಳಿ ದಿನಾ ನಸುಕಿಗೇ ಬರುತ್ತಿದ್ದರಂತೆ. ಊರಿನ ಕಡೆಯಿಂದ ಅಲ್ಲಿಯವರೆಗೂ ಗುಂಡಿಗಳು ಮುಚ್ಚಿದ್ದವು, ಆದರೆ ಒಂದೇ ಬದಿಯವು.

“ಆ ಕಡಿ ಯಾಕ್ ಬಿಟ್ಟೀರಿ ಮಾವಾ?”

“ಎರಡೂ ಕಡಿ ನನ್ನ ಕೈಲೆ ಆಗಂಗಿಲ್ಲ ಅಳಿಯಾ. ಹೋಗುವಾಗ ಅಕಿನ ಎಡಕ್ಕ ಕುಂದರಸ್ತೀನಿ, ಬರುವಾಗ ಬಲಕ್ಕ. ನೀ ಹರೇದಾಂವ ಅದಿ, ತಡಕೋ.”

ಒಂದು ತಾಸಿನ ಮೇಲೆ ಅತ್ತೆಯನ್ನು ಎಡಕ್ಕೆ ಕೂರಿಸಿಕೊಂಡು ಹೊರಟೆವು. ಊರು ದಾಟಿ ಸ್ವಲ್ಪ ದೂರಕ್ಕೆ ಅತ್ತೆ ಕಿಟಕಿಯಿಂದ ಕೆಳಗೆ ಇಣುಕಿದರು.

“ಏನ್ರಿ, ದಾರಿ ಸರಿ ಮಾಡ್ಯಾರಲ್ಲ. ಅಂತೂ ಸರಕಾರದವ್ರಿಗೆ ನಮ್ಮ ಮ್ಯಾಲೆ ಕರುಣಾ ಬಂತು ನೋಡ್ರಿ.”

ಮಾವ ಗುಳ್ಳೆ ಎದ್ದ ಅಂಗೈಗಳನ್ನು ಟವೆಲ್ಲಿನೊಳಗೆ ಮುಚ್ಚಿಕೊಂಡರು.

“ಹೂಂ, ಬಂದೈತಿ. ಇನ್ನ ವಾರಾ ತಪ್ಪಿಸಬ್ಯಾಡ.”