ಏಳನೇ ಮಷೀನಿನ ಸಡಿಲವನ್ನು ಮರಳಿ ಕೊಡಿಸುವ ಬಗ್ಗೆ

ಇಂದ: ಏಳನೇ ನಂಬರ್ ಮಿಲ್ಲಿಂಗ್ ಮಷೀನಿನ ಮಾಜಿ ಆಪರೇಟರ್, ಸದ್ಯ ಪ್ಯಾಕಿಂಗ್ ವಿಭಾಗ.

ಗೆ: ಮಾನ್ಯ ಕಾರ್ಖಾನೆ ವ್ಯವಸ್ಥಾಪಕರು.

ವಿಷಯ: ಅರ್ಜಿದಾರನ ಕೈ ನಡುಗುತ್ತದೆಂಬ ಷರಾ ತೆಗೆದುಹಾಕುವ ಕುರಿತು.

ಉಲ್ಲೇಖ: ಮೇಲ್ವಿಚಾರಕರ ಸುತ್ತೋಲೆ, "ಹ್ಯಾಂಡಲನ್ನು ವೃಥಾ ಹಿಂದಕ್ಕೆ ತಿರುಗಿಸತಕ್ಕದ್ದಲ್ಲ."

ಮಾನ್ಯರೇ,

೧. ಸದರಿ ಮಷೀನಿನಲ್ಲಿ, ತೂತು ಕೊರೆಯಬೇಕಾದ ಲೋಹದ ತುಂಡನ್ನಿಟ್ಟ ಮೇಜನ್ನು ಸರಿಸುವ ತಿರುಪಿಗೂ ನಟ್ಟಿಗೂ ನಡುವೆ ಸಡಿಲವಿತ್ತು. ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿದರೆ ಅದರ ಅಳತೆಬಳೆಯ ಮೊದಲ ಹದಿನೆಂಟು ಗೆರೆ, ಅಂದರೆ ಎರಡು ಕೂದಲಿನ ದಪ್ಪದಷ್ಟು, ಬರೀ ಹ್ಯಾಂಡಲೇ ತಿರುಗುತ್ತಿತ್ತು. ಮೇಜು ಜಪ್ಪಯ್ಯ ಎಂದರೂ ಅಲುಗುತ್ತಿರಲಿಲ್ಲ. ಕಾರಣ ಅರ್ಜಿದಾರನು ಹನ್ನೊಂದು ವರ್ಷ ಪ್ರತಿಸಲವೂ ಮೇಜನ್ನು ಗುರಿಗಿಂತ ಹಿಂದಕ್ಕೆ ಎಳೆದು, ಒಂದೇ ಕಡೆಯಿಂದ ಗುರಿಗೆ ತರುತ್ತಿದ್ದನು. ಒಂದು ತೂತೂ ಜಾಗ ತಪ್ಪಿರಲಿಲ್ಲ.

೨. ಈ ಹೆಚ್ಚುವರಿ ಸುತ್ತು ಮೇಲ್ವಿಚಾರಕರ ಕಣ್ಣಿಗೆ ಕಾಲಹರಣವಾಗಿ ಕಂಡಿತು. ಸುತ್ತೋಲೆ ಹೊರಟಿತು, ಅರ್ಜಿದಾರನು ಪಾಲಿಸಿದನು, ಆದ್ದರಿಂದ ನಲವತ್ತು ತುಂಡು ಕೆಟ್ಟವು. ತಿರಸ್ಕರಿಸಿದವಳು ತಪಾಸಣಾ ವಿಭಾಗದಲ್ಲಿರುವ ಅರ್ಜಿದಾರನ ಹೆಂಡತಿ. 

೩. ಮೇಲ್ವಿಚಾರಕರು ಖುದ್ದಾಗಿ, ಮೇಜು ಎಷ್ಟು ಸರಿಯಿತೆಂದು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಹಚ್ಚಿ ಪರೀಕ್ಷಿಸಿದರು. ತಮ್ಮ ಸುತ್ತೋಲೆಗೆ ತಾವೇ ಬದ್ಧರಾಗಿ ಹ್ಯಾಂಡಲನ್ನು ಮುಂದಕ್ಕೆ ಮಾತ್ರ ತಿರುಗಿಸಿದರು. ಹಿಂದಕ್ಕೆ ತಿರುಗಿಸದೆ ಸಡಿಲ ಹೇಗೆ ಕಂಡೀತು? "ಮಷೀನು ಸರಿಯಾಗೇ ಇದೆ, ನಿಮ್ಮ ಕೈಯೇ ನಡುಗ್ತಿದೆ" ಎಂದು ಹೇಳಿ ಹಾಗೆಯೇ ಷರಾ ಬರೆದರು. ಅರ್ಜಿದಾರನಿಗೆ ಬಹಳ ನೋವಾಗಿದೆ. ತುತ್ತು ಎತ್ತುವಾಗಲೂ ಕೈ ನೋಡಿಕೊಳ್ಳುವಂತಾಗಿದೆ.

೪. ಕಾರಣ ವಿಚಾರಣಾ ಸಮಿತಿ ರಚನೆಯಾಯಿತು. ಸಮಿತಿ ಬರುವ ಮುನ್ನಾದಿನ ಊಟದ ಬಿಡುವಿನಲ್ಲಿ ಹೆಂಡತಿಯು ಎರಡೂ ಕಡೆ ತಿರುಗಿಸಿ ಅಳೆದು ಹದಿನೆಂಟು ಗೆರೆ ತೋರಿಸಿಕೊಟ್ಟಳು. ಗೆದ್ದಂತೆಯೇ ಇತ್ತು. ಆದರೆ ಕಣ್ಣೆದುರು ಸಡಿಲ ನಟ್ಟು, ಜೇಬಿನಲ್ಲಿ ಸ್ಪ್ಯಾನರ್. ಅರ್ಜಿದಾರನು ತಡೆಯಲಾರದೆ, ಮೇಜು ಹಿಡಿದುಕೊಳ್ಳದಂತೆ ಚೂರುಚೂರೇ ಬಿಗಿದು, ಎರಡು ಗೆರೆಗೆ ಇಳಿಸಿದನು. ಕೆಲಸ ಸೊಗಸಾಗಿತ್ತು.

"ಇದ್ದ ಒಂದು ಸಾಕ್ಷೀನೂ ನೀವೇ ಬಿಗಿದಿಟ್ರಲ್ರೀ, ನಾಳೆ ಅವರಿಗೆ ಏನು ತೋರಿಸ್ತೀರಿ?" ಎಂದು ಹೆಂಡತಿ ಹಣೆ ಚಚ್ಚಿಕೊಂಡಳು.

೫. ಸಮಿತಿಯು ಎರಡೂ ಕಡೆ ತಿರುಗಿಸಿ ನೋಡಿ, ಮಷೀನು ನಿರ್ದೋಷಿ ಎಂದಿತು. ಹೊಸ ಆಪರೇಟರನ ತುಂಡುಗಳೂ ಕರಾರುವಾಕ್ಕಾಗಿ ಬರುತ್ತಿವೆ. "ನೋಡಿ, ಕೈ ಬದಲಾಯಿಸಿದ್ವಿ, ಎಲ್ಲ ಸರಿಹೋಯ್ತು" ಎಂದು ಮೇಲ್ವಿಚಾರಕರು ಕಂಡಕಂಡವರಿಗೆಲ್ಲ ಹೇಳುತ್ತಿದ್ದಾರೆ. ಅರ್ಜಿದಾರನು ಪೆಟ್ಟಿಗೆಗಳಿಗೆ ದಾರ ಕಟ್ಟುತ್ತಿದ್ದಾನೆ.

ಆದ್ದರಿಂದ ಸದರಿ ನಟ್ಟನ್ನು ಪುನಃ ಹದಿನೆಂಟು ಗೆರೆಗೆ ಸಡಿಲಿಸಿ ಮರುವಿಚಾರಣೆ ನಡೆಸಲು ಆದೇಶಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸವನ್ನು ಇನ್ನೂ ಎದುರುನೋಡುತ್ತಿರುವ,
ಅರ್ಜಿದಾರ

ಅಡಕ:
೧. ಹೆಂಡತಿ ಸಹಿ ಮಾಡಿದ ಅಳತೆ ಚೀಟಿ (ಮನೆಯವರ ಸಾಕ್ಷಿಯೆಂದು ಸಮಿತಿ ತಳ್ಳಿಹಾಕಿದ್ದು).
೨. ಅರ್ಜಿದಾರನು ಬರಿಗೈಯಲ್ಲಿ ಎಳೆದ ನೇರ ಗೆರೆ, ಒಂದು.

ವಿಶೇಷ ಸೂಚನೆ: ಸಡಿಲಿಸುವ ಕೆಲಸಕ್ಕೆ ದಯವಿಟ್ಟು ಮೇಲ್ವಿಚಾರಕರನ್ನೇ ನೇಮಿಸಬೇಕು. ನಿನ್ನೆ ಅರ್ಜಿದಾರನೇ ಅದಕ್ಕೆಂದು ಸ್ಪ್ಯಾನರ್ ಹಿಡಿದು ಹೋಗಿದ್ದನು; ಎರಡಿದ್ದದ್ದನ್ನು ಒಂದು ಗೆರೆಗೆ ಇಳಿಸಿ ಬಂದಿದ್ದಾನೆ.