ಡ್ರಿಲ್ ಮಾಸ್ತರ ಕಂಡ ಧೈರ್ಯವಂತರು

ಸ್ವಾತಂತ್ರ್ಯ ಬರುವುದಕ್ಕೆ ಮೊದಲು ಹಾನಗಲ್ಲಿನ ಸಾಲೆಯಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದೆ. ಆಟದ ದಿನ ಬಂತೆಂದರೆ ಸುತ್ತಲಿನ ಊರವರೂ ಕರೆಯುತ್ತಿದ್ದರು. ರೊಟ್ಟಿ ತಿಂದ ಮೈಗಳು, ಕಸುವಿಗೇನೂ ಕೊರತೆ ಇರಲಿಲ್ಲ. ಧೈರ್ಯವನ್ನು ಮಾತ್ರ ನಾವು ಬಾಯಿಂದ ತುಂಬಬೇಕಾಗುತ್ತಿತ್ತು, ಅದು ಒಮ್ಮೊಮ್ಮೆ ಅಳತೆ ತಪ್ಪುತ್ತಿತ್ತು. ಆ ಮಂದಿಯಲ್ಲಿ ಈಗ ಯಾರೂ ಉಳಿದಿಲ್ಲ. ನೆನಪಾದಾಗ ಕಟ್ಟೆಯ ಮೇಲೆ ಒಬ್ಬನೇ ಕೂತು ನಗುತ್ತೇನೆ.

ಕಣ್ಣಾಗ ಕಣ್ಣು

ಸವಣೂರಿನ ಕುಸ್ತಿ ಕಣ. ಎಲೆಬಳ್ಳಿ ತೋಟದ ಪೈಲ್ವಾನನಿಗೆ ಅವನ ವಸ್ತಾದರು ಹೇಳಿದ್ದರು: "ಕೈ ಹಚ್ಚೂಕಿಂತ ಮೊದಲ ಕಣ್ಣಾಗ ಕಣ್ಣಿಟ್ಟು ನೋಡು. ಯಾಂವ ಮೊದಲ ರೆಪ್ಪಿ ಬಡೀತಾನ, ಅಂವ ಸೋತಂಗ."

ಶಿಗ್ಗಾವಿಯಿಂದ ಬಂದ ಎದುರಾಳಿಗೂ ಅವನ ವಸ್ತಾದರು ಅದೇ ಪಾಠ ಹೇಳಿದ್ದರಂತೆ. ಇಬ್ಬರೂ ಎದುರುಬದುರು ನಿಂತರು. ನಿಂತೇ ನಿಂತರು. ಹಲಗೆ ಬಡಿಯುವವನ ಕೈ ಸೋತಿತು, ಮಂದಿಯ ಉಡಿಯಲ್ಲಿದ್ದ ಶೇಂಗಾ ಮುಗಿದವು. ಕಡೆಗೆ ಮುಂದಿನ ಸಾಲಿನ ಅಜ್ಜ ಒಬ್ಬ ಎದ್ದ. "ತಮ್ಮಗೋಳ್ಯಾ, ಹೆಣ್ಣು ನೋಡೋ ಶಾಸ್ತರ ಮುಗದಿದ್ರ ಕುಸ್ತಿ ಹಿಡೀರಪಾ."

ಗುಂಡುಕಲ್ಲು

ಹಿರೇಕೆರೂರಿನ ಗರಡಿಮನೆ ಮುಂದೆ ಒಂದು ಗುಂಡುಕಲ್ಲಿತ್ತು. ಕಮ್ಮಾರನ ಮಗನೊಬ್ಬ ಅದನ್ನು ಮೊಣಕಾಲಮಟ ಎತ್ತಿ ಕೈಬಿಡುತ್ತಿದ್ದ.

"ಭಾರ ಕಲ್ಲಿನಾಗ ಇಲ್ಲೋ, ನಿನ್ನ ಮನಸಿನಾಗ ಐತಿ. ಎತ್ತತೇನಿ ಅಂತ ತಿಳಕೋ," ಎಂದೆ.

ಕಣ್ಣು ಮುಚ್ಚಿ ಏನೋ ಅಂದುಕೊಂಡ. ಕಲ್ಲು ಹೆಗಲಿಗೇರಿತು. ಮಂದಿ ಸೀಟಿ ಹೊಡೆದರೂ ಅವನು ನಗಲಿಲ್ಲ, ಕದಲಲೂ ಇಲ್ಲ. ಹತ್ತಿರ ಹೋದೆ.

"ಮಾಸ್ತರ, ಇಳಸೂದಕ್ಕ ಏನಂತ ತಿಳಕೋಬೇಕ್ರಿ?"

ಬೂಟಿನಾಂವ

ನಮ್ಮ ಸಾಲೆಯ ಓಟಗಾರ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತಿದ್ದ, ಮೀಸೆ ಬಂದ ಆಳು. ಓಡಿದರೆ ಗಾಳಿ. ಆದರೆ ಬೆನ್ನಹಿಂದೆ ಹೆಜ್ಜೆ ಕೇಳಿದರೆ ಸಾಕು, ಹೊರಳಿ ನೋಡಿ ಎಡವಿ ಬೀಳುತ್ತಿದ್ದ. ತಾಲೂಕಿನ ಆಟದ ದಿನ ಬಾಡಿದ ಮುಖ ಹೊತ್ತು ಬಂದ.

"ಮಾವ ಆಗೋರು ನೋಡಾಕ ಬಂದಾರ್ರಿ. ಇವತ್ತೂ ಬಿದ್ರ ಲಗ್ನಾನೂ ಬಿದ್ದಂಗ್ರಿ."

"ಹಿಂದ ಯಾರರ ಕರೀಲಿ, ಒದರ್ಲಿ, ಕಿವ್ಯಾಗ ಹಾಕ್ಕೋಬ್ಯಾಡ. ಹೊರಳಿ ನೋಡಬ್ಯಾಡ. ಓಡು," ಎಂದೆ.

ಓಡಿದ. ಎಲ್ಲರನ್ನೂ ಹಿಂದೆ ಹಾಕಿ ಗೆದ್ದ. ಆದರೆ ನಿಲ್ಲಲಿಲ್ಲ. ಬಯಲು ದಾಟಿ ತಡಸದ ರಸ್ತೆ ಹಿಡಿದ. "ನಿಲ್ಲೋ, ಗೆದ್ದಿ" ಎಂದು ಒದರುತ್ತ ನಾನೂ ಬೆನ್ನು ಹತ್ತಿದೆ. ನನ್ನ ಬೂಟಿನ ಸಪ್ಪಳ ಹತ್ತಿರಾದಷ್ಟೂ ಅವನ ಓಟ ಜೋರಾಯಿತು. ಕಡೆಗೆ ಕಬ್ಬಿನ ಹೊಲದ ಬದುವಿನಲ್ಲಿ ಏದುಸಿರು ಬಿಡುತ್ತ ಕುಸಿದು ಕೂತೆ.

ಸಂಜೆ ಯಾರದೋ ಚಕ್ಕಡಿ ಹತ್ತಿ ತಿರುಗಿ ಬಂದ. ಮಾವನಾಗುವವರು ತಮ್ಮ ರುಮಾಲನ್ನೇ ಬಿಚ್ಚಿ ಅವನ ತಲೆಗೆ ಸುತ್ತಿದರು. ಅವನು ನನ್ನ ಕಾಲು ಮುಟ್ಟಿ ಮೆಲ್ಲಗೆ ಕೇಳಿದ:

"ಉಳಿದೋರೆಲ್ಲ ಲಗೂನ ಹಿಂದ ಬಿದ್ರು. ಆ ಬೂಟಿನಾಂವ ಒಬ್ಬ ಕಬ್ಬಿನ ಹೊಲದ ತನಕ ಬಿಡಲಿಲ್ರಿ ಮಾಸ್ತರ. ಭಾರಿ ಗಟ್ಟಿ ಮನಷ್ಯಾ. ಯಾವ ಊರಾಂವ್ರಿ ಅಂವ?"